ಅಂಜಿನಿಯ ಕಡ್ಡಿಪೆಟ್ಟಿಗೆ

ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನ ಕಡೆ ಹೊರಟು ಊರು ದಾಟಿದ ಮೇಲೆ ಎಡಕ್ಕೊಂದು ಹಸಿರು ಗೇಟು ಸಿಗುತ್ತದೆ. ಅದರ ಮುಂದೆ ಯಾರಾದರೂ ತಮ್ಮ ಜೇಬನ್ನು ತಾವೇ ತಡಕಿಕೊಳ್ಳುತ್ತ ನಿಂತಿದ್ದರೆ ಏನೋ ಕಳೆದುಕೊಂಡಿದ್ದಾರೆ ಎಂದು ಮರುಗಬೇಡಿ. ಯರ್ರೆಪ್ಪ ಕೇಳುವ ಮೊದಲೇ ಕೊಟ್ಟುಬಿಡೋಣ ಎಂದು ಹುಡುಕುತ್ತಿರುತ್ತಾರೆ, ಅಷ್ಟೆ. ಬೀಡಿ, ಕಡ್ಡಿಪೆಟ್ಟಿಗೆ, ಲೈಟರು, ಮೊಬೈಲು ಎಲ್ಲವೂ ಅವನ ಮೇಜಿನ ಮೇಲಿನ ಬಿಸ್ಕಿಟ್ ಡಬ್ಬಿಗೆ ಬೀಳಬೇಕು. ಚಪ್ಪಲಿ ಮಗುಚಿ ತೋರಿಸಬೇಕು. ಅಡಿಯಲ್ಲಿ ಕಬ್ಬಿಣದ ಮೊಳೆ ಕಂಡರೆ ಅದೂ ಹೊರಗೆ.

ಒಳಗಿರುವುದು ಹಿಂಡಿಯಿಂದ ಎಣ್ಣೆ ತೆಗೆಯುವ ಕಾರ್ಖಾನೆ. ಶೇಂಗಾ ಅರೆದು ಎಣ್ಣೆ ಹಿಂಡಿದ ಮೇಲೂ ಹಿಂಡಿಯಲ್ಲಿ ಒಂದಿಷ್ಟು ಎಣ್ಣೆ ಉಳಿದುಕೊಳ್ಳುತ್ತದೆ. ಅದನ್ನೂ ಬಿಡಬಾರದೆಂದು ಪೆಟ್ರೋಲಿನಂಥ ಒಂದು ದ್ರವದಲ್ಲಿ ಹಿಂಡಿಯನ್ನು ತೊಳೆಯುತ್ತಾರೆ. ಕೆಲಸದವರ ಬಾಯಲ್ಲಿ ಅದು ಸಾಲ್ವೆಂಟು. ನೀರಿನಷ್ಟು ತಿಳಿಯಾಗಿರುತ್ತದೆ, ಬೆರಳು ಅದ್ದಿದರೆ ತಣ್ಣಗೆ ಹತ್ತುತ್ತದೆ, ಕಣ್ಣೆದುರಿಗೇ ಹಾರಿಹೋಗುತ್ತದೆ. ಹಾರಿದ್ದು ಮೇಲಕ್ಕೆ ಹೋಗುವುದಿಲ್ಲ ಎನ್ನುವುದೇ ಅದರ ಕೇಡು. ನೆಲ ಹಿಡಿದು, ತಗ್ಗು ಹುಡುಕಿ ಕೂರುತ್ತದೆ. ಕೂತದ್ದು ಯಾರ ಕಣ್ಣಿಗೂ ಕಾಣುವುದಿಲ್ಲ.

ಯರ್ರೆಪ್ಪನಿಗೆ ಈಗ ಐವತ್ತನಾಲ್ಕು. ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಕಡೆಯವನು, ಕುರಿ ಕಾಯುವ ಮನೆತನ, ಮೈಲಾರಲಿಂಗನ ಒಕ್ಕಲು. ಅವನ ಅಪ್ಪ ಮೊಳೆ ಹೊಡೆದ ದಪ್ಪ ಕೆರ ಮೆಟ್ಟಿಕೊಂಡು ಬೈಗಿನಲ್ಲಿ ಕುರಿ ಹೊಡೆದುಕೊಂಡು ಬರುವಾಗ ಕಲ್ಲಿನ ಮೇಲೆ ಒಮ್ಮೊಮ್ಮೆ ಕಿಡಿ ಹಾರುತ್ತಿತ್ತು. ಅಪ್ಪನ ಕಾಲಲ್ಲಿ ಆಕಾಶದ ಚಿಕ್ಕಿಗಳಿವೆ ಎಂದು ಆಗ ಅವನು ನಂಬಿದ್ದ. ಗೇಟಿನ ಕೆಲಸಕ್ಕೆ ಸೇರಿದ ಮೊದಲ ದಿನ ಹಳೆಯ ಫೋರ್‌ಮನ್ನು ಅವನ ಕಾಲಲ್ಲಿದ್ದ ಅಂಥದೇ ಕೆರವನ್ನು ಬಿಡಿಸಿ ಬೇಲಿಯಾಚೆ ಎಸೆದಿದ್ದ. ಏಕೆ ಎಂದು ಯರ್ರೆಪ್ಪ ಕೇಳಲಿಲ್ಲ. ಆ ಚಿಕ್ಕಿಗಳು ನೆನಪಿದ್ದವು.

ಇಪ್ಪತ್ತೆರಡು ವರ್ಷದಲ್ಲಿ ಅವನು ಬೈಸಿಕೊಳ್ಳದ ಲಾರಿ ಡ್ರೈವರಿಲ್ಲ. ಸಾಹುಕಾರರೇ ಒಳಗೆ ಬಿಡು ಎಂದು ಹೇಳಿ ಕಳಿಸಿದವರನ್ನೂ ಅವನು ಜೇಬು ಖಾಲಿ ಮಾಡಿಸದೆ ಬಿಟ್ಟವನಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ ನೋಡು ಎಂದು ಅವರು ಗೊಣಗುತ್ತಾರೆ. ಯರ್ರೆಪ್ಪ ನಗುವುದಿಲ್ಲ. ಈಚಿನವರು ಅವನನ್ನು ಮೊದಲಿನಿಂದಲೂ ಹೀಗೇ ಬಿಗಿ ಮನುಷ್ಯ ಎಂದುಕೊಂಡಿದ್ದಾರೆ. ಹಾಗೇನಿಲ್ಲ. ಹನ್ನೆರಡು ವರ್ಷದ ಹಿಂದೆ ಅವನೂ ನಗುತ್ತಿದ್ದ, ಮುಖ್ಯವಾಗಿ ಅಂಜಿನಿ ಬಂದಾಗ.

ಅಂಜಿನಿ ಒಳಗೆ ಯಂತ್ರ ನಡೆಸುತ್ತಿದ್ದವನು. ಬೀಡಿಯ ಚಟದವನು, ಆದರೆ ಗೇಟಿನೊಳಗೆ ಒಮ್ಮೆಯೂ ಒಯ್ದವನಲ್ಲ. "ಡಬ್ಬಿ ಸಾವ್ಕಾರ, ತಗಾ ನಿನ್ನ ಪ್ರಸಾದ" ಎಂದು ಕಡ್ಡಿಪೆಟ್ಟಿಗೆಯನ್ನು ಡಬ್ಬಿಗೆ ಹಾಕಿ ಹೋಗುವುದು ಅವನ ದಿನದ ಮಾತು.

ಅಮಾವಾಸ್ಯೆ ಬಂದರೆ ನಮ್ಮ ಕಡೆ ಅಂಗಡಿ, ಗಿರಣಿ, ಲಾರಿ ಎಲ್ಲಕ್ಕೂ ಪೂಜೆಯಾಗಲೇಬೇಕು. ಈ ಕಾರ್ಖಾನೆಯಲ್ಲೂ ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಬಸವಣ್ಣನ ಒಂದು ಗೂಡಿದೆ. ಅಲ್ಲಿ ಕರ್ಪೂರ ಹಚ್ಚಿ, ತಟ್ಟೆ ಹಿಡಿದು ಒಳಗೆ ಹೋಗಿ ಯಂತ್ರದ ಬುಡದಲ್ಲಿಟ್ಟು ಕೈಮುಗಿದು ಬರುವುದು ವಾಡಿಕೆ. ವರ್ಷಾನುಗಟ್ಟಲೆ ಏನೂ ಆಗಲಿಲ್ಲ, ಏಕೆಂದರೆ ಅಮಾವಾಸ್ಯೆಯ ದಿನ ಯಂತ್ರಕ್ಕೆ ರಜೆ. ಹಿಂದಿನ ದಿನವೇ ಎಲ್ಲ ಬರಿದು ಮಾಡಿ, ತೊಳೆದು, ಬಾಗಿಲು ತೆರೆದಿಟ್ಟಿರುತ್ತಿದ್ದರು. ಆ ವರ್ಷ ಹಿಂಡಿ ಗುಡ್ಡೆಯಾಗಿ ಬಿದ್ದಿತ್ತೆಂದು ರಜೆ ರದ್ದಾಯಿತು. ರಜೆ ಹೋಯಿತು, ಆರತಿ ಉಳಿಯಿತು. ಇವೆರಡೂ ಜೋಡಿಯೆಂಬುದು ಸಾಹುಕಾರ ಗುರುಸಂಗಪ್ಪನವರಿಗೂ ಹೊಳೆಯಲಿಲ್ಲ, ಫೋರ್‌ಮನ್ನಿಗೂ ಹೊಳೆಯಲಿಲ್ಲ.

ಆ ಬೆಳಿಗ್ಗೆ ತಟ್ಟೆ ಹಿಡಿಯುವ ಪಾಳಿ ಅಂಜಿನಿಯದು. ತಲೆಗೆ ಎರೆದುಕೊಂಡು, ಹಣೆಗೆ ವಿಭೂತಿ ಹಚ್ಚಿ ಬಂದಿದ್ದ. ಕಡ್ಡಿಪೆಟ್ಟಿಗೆ ಡಬ್ಬಿಗೆ ಹಾಕುತ್ತ, "ನಿನ್ನೀದು ಅರ್ಧ ಬೀಡಿ ಇದರಾಗೈತಿ ನೋಡು, ಜ್ವಾಪಾನ. ಪೂಜಿ ಮುಗೀಲಿ, ಬಂದು ಸೇದ್ತೀನಿ" ಅಂದ. ಆಮೇಲೆ ಬಸವಣ್ಣನ ಮುಂದಿನ ದೀಪದಿಂದ ಕರ್ಪೂರ ಹೊತ್ತಿಸಿ ತಟ್ಟೆ ಎತ್ತಿಕೊಂಡ. ಯರ್ರೆಪ್ಪ ಗೇಟು ತೆರೆದ. ತೆರೆದದ್ದಷ್ಟೇ ಅಲ್ಲ, ತಟ್ಟೆಗೆ ಅಡ್ಡ ಕೈಹಿಡಿದು ಆರತಿ ಕಣ್ಣಿಗೊತ್ತಿಕೊಂಡ.

ನಾಲ್ಕು ನಿಮಿಷವೂ ಆಗಿರಲಿಕ್ಕಿಲ್ಲ. ನೆಲ ಅದುರಿತು. ಶೆಡ್ಡಿನ ತಗಡು ಹಾರಿ ರಸ್ತೆಯಾಚೆಯ ಜಾಲಿ ಗಿಡಕ್ಕೆ ಸಿಕ್ಕಿಹಾಕಿಕೊಂಡಿತು. ಉಳಿದವರು ಪೂಜೆಗೆಂದು ಹೊರಗಿದ್ದರು, ಒಳಗೆ ಆಗ ಅಂಜಿನಿ ಒಬ್ಬನೇ ಇದ್ದ. ಮೂರನೆಯ ದಿನ ಬಳ್ಳಾರಿಯ ಆಸ್ಪತ್ರೆಯಲ್ಲಿ, ಒಂದು ಮಾತೂ ಆಡದೆ ತೀರಿಕೊಂಡ.

ವಿಚಾರಣೆಗೆ ಬಂದವರು ಯರ್ರೆಪ್ಪನನ್ನು ಕೂರಿಸಿ ಕೇಳಿದರು: ಒಳಗೆ ಬೆಂಕಿ ಯಾರಾದರೂ ಒಯ್ದಿದ್ದರೇ? ಇಲ್ಲ ಎಂದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬೆಂಕಿ ಎಂದರೆ ಅವನಿಗೆ ಬೀಡಿ, ಒಲೆ, ಮೊಳೆಯ ಕಿಡಿ. ಆರತಿ ಎಂದರೆ ಆರತಿ. ದೀಪ ಆರಿತು ಅನ್ನದೆ ಶಾಂತವಾಯಿತು ಎನ್ನುವ ಜನ ನಾವು; ಅದನ್ನು ಬೆಂಕಿ ಎಂದು ಕರೆಯಲು ಯಾರ ನಾಲಿಗೆಯೂ ಏಳುವುದಿಲ್ಲ. ಕೇಳಿದವರು ಪೂಜೆಯ ಮಾತೆತ್ತಲಿಲ್ಲ, ಹೇಳಿದವರಿಗೆ ಅದು ನೆನಪಾಗಲಿಲ್ಲ. ತಟ್ಟೆ ಸುಟ್ಟ ಕಬ್ಬಿಣದ ರಾಶಿಯಲ್ಲಿ ಎಲ್ಲೋ ಹೋಯಿತು.

ಆದರೆ ಬೆಂಕಿ ಇಲ್ಲದೆ ಹೊಗೆಯಾಡೀತೇ? ಜನಕ್ಕೆ ಒಂದು ಕಾರಣ ಬೇಕಿತ್ತು. ಅಂಜಿನಿ ಬೀಡಿ ಸೇದುತ್ತಿದ್ದ ತಾನೇ? ಕದ್ದು ಒಯ್ದು ಮೂಲೆಯಲ್ಲಿ ಹಚ್ಚಿರಬೇಕು ಅಂದರು. ಕಾಗದದಲ್ಲೂ ಹಾಗೇ ಬರೆದರು. ಸತ್ತವನ ಮೇಲೆ ಗೂಬೆ ಕೂರಿಸುವುದು ಸುಲಭ, ಅವನೇನು ಎದ್ದು ಬಂದು ಜೇಬು ತೋರಿಸುತ್ತಾನೆಯೇ?

ಅಂಜಿನಿಯ ಹೆಂಡತಿ ನಾಗಲಿಂಗಮ್ಮ ಅತ್ತು ಅತ್ತು ಹೇಳಿದಳು: ಅಮಾವಾಸ್ಯೆ ದಿನ ಪೂಜೆಗೆ ಮೊದಲು ಅವನು ಬೀಡಿ ಮುಟ್ಟುತ್ತಿರಲಿಲ್ಲ ಎಂದು. ಯಾರು ಕೇಳುತ್ತಾರೆ? ಹೇಳಿ ಹೇಳಿ ಸೋತು, ಇದ್ದರೂ ಇರಬಹುದೇನೋ ಎಂದು ಕೊನೆಗೆ ತಾನೂ ನಂಬಿದಳು. ಗೇಟಿನೆದುರು ರಸ್ತೆಯಾಚೆ ಒಂದು ಚಹಾದ ಅಂಗಡಿ ಹಾಕಿಕೊಂಡಳು. ಚಹಾ, ಮಂಡಕ್ಕಿ, ಮಿರ್ಚಿ, ಗುಟ್ಕಾ ಎಲ್ಲ ಸಿಗುತ್ತದೆ, ಬೀಡಿ ಮಾತ್ರ ಸಿಗುವುದಿಲ್ಲ. ಕೇಳಿದವರಿಗೆ "ಬೀಡಿ ನನ್ನ ಮನಿ ತೊಳದದ್ದು ಸಾಕು" ಎನ್ನುತ್ತಾಳೆ.

ಯರ್ರೆಪ್ಪನ ಡಬ್ಬಿಯಲ್ಲಿ ಮಾತ್ರ ಅಂಜಿನಿಯ ಕಡ್ಡಿಪೆಟ್ಟಿಗೆ ಇತ್ತು. ಆವತ್ತು ಸಂಜೆ ಉಳಿದವರೆಲ್ಲ ತಮ್ಮ ತಮ್ಮದನ್ನು ಒಯ್ದ ಮೇಲೆ ತಳದಲ್ಲಿ ಅದೊಂದೇ ಉಳಿದಿತ್ತು. ತೆಗೆದು ಮೇಜಿನ ಡ್ರಾದಲ್ಲಿಟ್ಟು ಬೀಗ ಹಾಕಿದ. ಅಂಜಿನಿ ಬೀಡಿ ಒಯ್ಯಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ನಾಳೆ ತೋರಿಸೋಣ, ನಾಡಿದ್ದು ತೋರಿಸೋಣ ಎಂದು ಇರುವಾಗಲೇ ಇನ್ನೊಂದು ಸಂಗತಿ ನಡೆಯಿತು.

ಕೆಲಸದವರಿಗೆ ತಿಳಿವಳಿಕೆ ಕೊಡಲು ಹೊರಗಿನಿಂದ ಒಬ್ಬ ಸಾಹೇಬರು ಬಂದರು. ಮೋರಿಯ ಹಾಗೆ ಬಗ್ಗಿಸಿದ ಉದ್ದ ತಗಡನ್ನು ಅಂಗಳದಲ್ಲಿ ಇಳಿಜಾರಾಗಿ ನಿಲ್ಲಿಸಿದರು. ಮೇಲಿನ ತುದಿಗೆ ಸಾಲ್ವೆಂಟಿನಲ್ಲಿ ನೆನೆಸಿದ ಅರಿವೆಯ ತುಂಡು, ಕೆಳಗಿನ ತುದಿಗೆ ಒಂದು ಹಣತೆ. ನಡುವೆ ಒಂದು ಮಾರು ಖಾಲಿ ತಗಡು. ಸ್ವಲ್ಪ ಹೊತ್ತಿಗೆ ಹಣತೆಯ ಬಳಿಯಿಂದ ಬೆಂಕಿ ಎದ್ದು ತಗಡು ಹತ್ತಿ ಓಡಿ ಅರಿವೆಯನ್ನು ಹಿಡಿಯಿತು. "ಆವಿ ನೀರಿನ ಹಂಗೆ ಇಳಿಜಾರಿಗೆ ಹರೀತದೆ. ದೀಪ ಅದರ ಹತ್ರ ಹೋಗಬೇಕಾಗಿಲ್ಲ, ಅದೇ ದೀಪದ ಹತ್ರ ಬರ್ತದೆ" ಅಂದರು ಸಾಹೇಬರು.

ಯರ್ರೆಪ್ಪ ಬೆಂಕಿಯನ್ನು ನೋಡುತ್ತಿರಲಿಲ್ಲ, ಹಣತೆಯನ್ನು ನೋಡುತ್ತಿದ್ದ. ಯಂತ್ರದ ಬುಡದಲ್ಲಿ, ನೆಲದ ಮೇಲೆ ಇಡುತ್ತಿದ್ದ ಆರತಿ ತಟ್ಟೆ ಅವನ ಕಣ್ಣಿಗೆ ಕಟ್ಟಿತು. ಗೇಟು ತೆಗೆದ ತನ್ನ ಕೈಯೂ ಕಂಡಿತು. ಅವನು ಅಲ್ಲಿಂದ ಸರಿದು ಬಂದು ಡ್ರಾದ ಬೀಗ ಎಳೆದು ನೋಡಿದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಬುದ್ಧಿಯನ್ನು ಆಗಲೇ ಬಾಯಿ ಬಿಟ್ಟು ಹೇಳಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಡ್ಡಿಪೆಟ್ಟಿಗೆ ತೋರಿಸಿದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಬೆಂಕಿ ಎಲ್ಲಿಂದ ಹೋಯಿತು, ಗೇಟಿನಲ್ಲಿ ಯಾರಿದ್ದರು? ಅವನಿಗೆ ಹೆದರಿಕೆಯಾಯಿತು. ಅದನ್ನು ಬೇರೆ ಹೆಸರಿನಿಂದ ಕರೆದು ಚಂದ ಮಾಡುವುದು ಬೇಡ.

ಆದರೂ ಮತ್ತೊಮ್ಮೆ ಆ ತಟ್ಟೆ ಒಳಗೆ ಹೋಗಬಾರದಲ್ಲ. ಹಾವೂ ಸಾಯದ, ಕೋಲೂ ಮುರಿಯದ ಒಂದು ಉಪಾಯ ಹೂಡಿದ. ಒಂದೂವರೆ ವರ್ಷದ ಮೇಲೆ ಕಾರ್ಖಾನೆ ಮತ್ತೆ ಶುರುವಾದಾಗ ಗುರುಸಂಗಪ್ಪನವರ ಮುಂದೆ ಕೈಕಟ್ಟಿ ನಿಂತು, "ಅಕಾಲದಾಗ ಜೀವ ಹೋದ ಜಾಗ್ರಿ. ಶಾಂತಿ ಆಗೋ ತನಕ ಒಳಗ ಮಂಗಳಾರತಿ ಒಯ್ಯಬಾರ್ದಂತ ನಮ್ಮ ಹಿರೇರು ಹೇಳ್ತಾರ್ರೀ. ಇಲ್ಲೇ ಗೇಟಿನಾಗ ಮೈಲಾರದ ಭಂಡಾರ ಹಾರಿಸಿ ಕೈಮುಗಿಯೋಣ್ರಿ" ಅಂದ. ಹಿರಿಯರು ಹಾಗೆ ಹೇಳಿದ್ದು ಅವನೂ ಕೇಳಿರಲಿಲ್ಲ. ಗುರುಸಂಗಪ್ಪನವರು ತಲೆಯಾಡಿಸಿದರು. ಅರಿಸಿನದ ಪುಡಿಗೆ ಒಪ್ಪಿಕೊಂಡು ಅಮಾವಾಸ್ಯೆಗಳು ಸುಮ್ಮನೆ ಕಳೆದವು. ಯರ್ರೆಪ್ಪ ದಿನಾ ನಾಗಲಿಂಗಮ್ಮನ ಅಂಗಡಿಯಲ್ಲಿ ಚಹಾ ಕುಡಿದ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅವಳ ಮುಂದೆ ಕಡ್ಡಿಪೆಟ್ಟಿಗೆಯ ಮಾತೆತ್ತಲಿಲ್ಲ.

ಹೋದ ವರ್ಷ ಗುರುಸಂಗಪ್ಪನವರು ತೀರಿಕೊಂಡರು. ಮಗ ಗುರುಬಸವರಾಜ ಕಾರ್ಖಾನೆ ನೋಡಿಕೊಳ್ಳತೊಡಗಿದ. ತಾಯಿ ಅನ್ನದಾನಮ್ಮನವರಿಗೆ ಎಪ್ಪತ್ತೆಂಟು ವರ್ಷ, ಯರ್ರೆಪ್ಪನಿಗೆ ಈ ಕೆಲಸ ಕೊಡಿಸಿದವರೇ ಅವರು. ಗಂಡನ ವರ್ಷದ ಕಾರ್ಯ ಮುಗಿಸಿ, ಸ್ವಾಮಿಗಳನ್ನು ಮನೆಗೆ ಕರೆಸಿ ಕಾರ್ಖಾನೆಯ ಹೆಸರಿನಲ್ಲಿ ರುದ್ರಾಭಿಷೇಕ ಮಾಡಿಸಿದರು. ಇನ್ನು ಶಾಂತಿಯಾಯಿತು, ಈ ಅಮಾವಾಸ್ಯೆಗೆ ತಮ್ಮ ಕೈಯಿಂದಲೇ ಆರತಿ ಒಳಗೆ ಒಯ್ಯಬೇಕು ಎಂದು ಸಂಕಲ್ಪ ಮಾಡಿದರು. ಯರ್ರೆಪ್ಪ ತಾನು ಕಟ್ಟಿದ ಸುಳ್ಳಿಗೆ ತಾನೇ ಒಂದು ಬಾಗಿಲು ಇಟ್ಟಿದ್ದ. ಆ ಮುದುಕಿ ನೇರ ಆ ಬಾಗಿಲಿನಿಂದಲೇ ಬಂದರು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಹತ್ತು ಗಂಟೆ. ಯಂತ್ರ ನಡೆಯುತ್ತಿತ್ತು. ಪಾಳಿ ಮುಗಿಸಿದವರು, ಪಾಳಿಗೆ ಬಂದವರು ಸೇರಿ ಮೂವತ್ತು ಜನ ಬೇವಿನ ಮರದ ಕೆಳಗೆ ನಿಂತಿದ್ದರು. ಪ್ರತಿ ಅಮಾವಾಸ್ಯೆಯಂತೆ ನಾಗಲಿಂಗಮ್ಮ ಎಲ್ಲರಿಗೂ ಚಹಾ ತಂದಿದ್ದಳು. ಅನ್ನದಾನಮ್ಮನವರು ಬಸವಣ್ಣನ ಮುಂದೆ ಬೆಳ್ಳಿಯ ತಟ್ಟೆಯಲ್ಲಿ ಕರ್ಪೂರ ಹೊತ್ತಿಸಿ, ಮಗನ ತೋಳು ಹಿಡಿದು ಗೇಟಿನ ಕಡೆ ತಿರುಗಿದರು.

ಯರ್ರೆಪ್ಪ ಗೇಟು ತೆಗೆಯಲಿಲ್ಲ.

"ಅಮ್ಮಾರ, ದೀಪ ಇಲ್ಲೇ ಇಡ್ರಿ. ನೀವು ಬರ್ರಿ, ದೀಪ ಬ್ಯಾಡ" ಅಂದ.

"ಶಾಂತಿ ಆಗೇತೆಲ್ಲಪ್ಪ, ನೀನ ಹೇಳಿದ್ದಲ್ಲ" ಅಂದರು ಅನ್ನದಾನಮ್ಮ.

ಗುರುಬಸವರಾಜ ಗಡಿಯಾರ ನೋಡಿಕೊಂಡ. "ಎರಡು ನಿಮಿಷದ ಕೆಲ್ಸ ಯರ್ರೆಪ್ಪ. ಈಗ ಒಳಗ ಆವಿ ಅಳಿಯೋ ಮೀಟರ್ ಹಿಡದು ನೋಡಿ ಬಂದೀನಿ, ಸೊನ್ನಿ ತೋರಸ್ತೈತಿ. ತಗಿ."

"ನೀವು ನಿಂತು ಹಿಡದೀರಿ. ಅಮ್ಮಾರು ದೀಪ ಇಡೋದು ನೆಲದ ಮ್ಯಾಲ್ರಿ."

"ದೇವರ ದೀಪಾನೂ ಬೀಡಿ ಲೆಕ್ಕಕ್ಕ ಹಿಡದ್ಯಾ ಯರ್ರೆಪ್ಪ?" ಅನ್ನದಾನಮ್ಮನವರ ದನಿ ಏರಲಿಲ್ಲ. "ಈ ಮನಿ ಉಪ್ಪು ತಿಂದಾವ ನೀನು."

ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅವನ ಅವ್ವ ಹೇಳಿಕೊಟ್ಟಿದ್ದಳು. ಎರಡು ಬಗೆದದ್ದು ಯಾವಾಗ, ಈಗಲೋ, ಹನ್ನೆರಡು ವರ್ಷದ ಹಿಂದೋ? ಯರ್ರೆಪ್ಪ ನಾಗಲಿಂಗಮ್ಮನ ಕಡೆ ನೋಡಿದ. ಅವಳು ಕೆಟಲು ಹಿಡಿದು, ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದಳು. ಇನ್ನೊಂದು ಸುಳ್ಳು ಸಿಕ್ಕೀತೇ ಎಂದು ಅವನು ನಿಜವಾಗಿಯೂ ಹುಡುಕಿದ. ಸಿಗಲಿಲ್ಲ. ಕರ್ಪೂರ ಉರಿಯುತ್ತಿತ್ತು.

"ಶಾಂತಿ ಮಾತು ನಾನ ಹುಟ್ಟಿಸಿದ್ದು ಅಮ್ಮಾರ. ಯಾ ಹಿರೇರೂ ಹೇಳಿಲ್ಲ. ಅವತ್ತು ಒಳಗ ಹೋದ ಬೆಂಕಿ ಇದ, ಈ ಆರತಿ. ಅಂಜಿನಿ ಇಲ್ಲೇ ಹಚಗೊಂಡು ಒಯ್ದ. ಗೇಟು ತಗದಾವ ನಾನು. ಕಣ್ಣಿಗೆ ಒತಗೊಂಡು ಕಳಿಸಿದೆ. ಅವನ ಕಡ್ಡಿಪೆಟಗಿ ನನ್ನ ಡಬ್ಬ್ಯಾಗಿತ್ತು. ಬೀಡಿ ಅವ ಒಯ್ದಿದ್ದಿಲ್ಲ."

ನಾಗಲಿಂಗಮ್ಮನ ಲೋಟ ತುಂಬಿ ಚಹಾ ಅವಳ ಕಾಲ ಮೇಲೆ ಚೆಲ್ಲಿತು. ಅವಳು ಕೆಟಲನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಎಲ್ಲೈತಿ ಅದು?"

ಯರ್ರೆಪ್ಪ ಡ್ರಾದ ಬೀಗ ತೆಗೆದು ಅದನ್ನು ಅವಳ ಕೈಗಿಟ್ಟ. ಕಡ್ಡಿಪೆಟ್ಟಿಗೆಯ ಮೇಲಿನ ಚಿತ್ರ ಮಾಸಿತ್ತು. ನಾಗಲಿಂಗಮ್ಮ ಅದನ್ನು ಉಗುರಿನಿಂದ ತಳ್ಳಿ ತೆರೆದಳು. ಏಳೆಂಟು ಕಡ್ಡಿ, ಅವುಗಳ ಪಕ್ಕದಲ್ಲಿ ಅರ್ಧ ಸೇದಿದ ಒಂದು ಬೀಡಿ. ಮೂಗಿನ ಹತ್ತಿರ ಹಿಡಿದಳು. ಮುಚ್ಚಿದಳು.

"ದಿನಾ ನನ್ನ ಕೈಯಾಗಿನ ಚಾ ಕುಡದೆಲ್ಲಣ್ಣ" ಅಂದಳು. ಅಷ್ಟೇ. ರಸ್ತೆ ದಾಟಿ ಹೋಗಿ ಅಂಗಡಿಯ ತಟ್ಟಿ ಇಳಿಸಿದಳು.

ಅಂಜಿನಿ ಒಯ್ದ ಆರತಿಗೆ ಕರ್ಪೂರ ಕಳಿಸಿಕೊಟ್ಟವರು ತಮ್ಮ ಮನೆಯವರೇ ಎಂಬುದು ಅನ್ನದಾನಮ್ಮನವರಿಗೆ ಗೊತ್ತಿತ್ತು. ತಿರುಗಿ ಹೋಗಿ ತಟ್ಟೆಯನ್ನು ಬಸವಣ್ಣನ ಮುಂದಿಟ್ಟರು. "ಇಲ್ಲೇ ಶಾಂತ ಆಗ್ಲಿ" ಎಂದು ಅದರ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತರು. ಕರ್ಪೂರ ಪೂರ್ತಿ ಉರಿದು ಹೋಗುವವರೆಗೆ ಏಳಲಿಲ್ಲ.

ಗುರುಬಸವರಾಜ ನಾಳೆ ಆಫೀಸಿಗೆ ಬಾ ಎಂದು ಹೇಳಿ ಹೋದ. ಯರ್ರೆಪ್ಪ ಮನೆಗೆ ಹೋಗಿ ಹೆಂಡತಿ ಜಂಬಕ್ಕನಿಗೆ ಎಲ್ಲ ಹೇಳಿ, ಕೆಲಸ ಹೋಯಿತು ಅಂದ. ಜಂಬಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಕೆಲ್ಸ ಹೋಗ್ಲಿ ಬಿಡು. ನಂಗೂ ಹೇಳ್ಲಿಲ್ಲಲ್ಲ ನೀ" ಅಂದಳು.

ಕೆಲಸ ಹೋಗಲಿಲ್ಲ. ಆಫೀಸಿನಲ್ಲಿ ಗುರುಬಸವರಾಜ ಒಂದು ಕಾಗದ ಮುಂದಿಟ್ಟ. ಅಂದು ನಡೆದದ್ದನ್ನು ಇದ್ದ ಹಾಗೆ ಬರೆದು ಸರಕಾರದವರಿಗೆ ಕಳಿಸುವ ಅರ್ಜಿ ಅದು. ಅಂಜಿನಿಯ ಹೆಸರಿನ ಮುಂದಿದ್ದ ಬೀಡಿಯ ಮಾತು ತಪ್ಪು ಎಂದು ಅದರಲ್ಲಿತ್ತು. ಯರ್ರೆಪ್ಪ ಸಹಿ ಮಾಡಿದ. "ನಾನೂ ನಿನ್ನೆ ಗೇಟು ತಗಸ್ತಿದ್ದೆ" ಅಂದ ಗುರುಬಸವರಾಜ, ತಲೆ ಎತ್ತದೆ. ಗೇಟಿನ ಬೋರ್ಡಿನಲ್ಲಿ ಬೀಡಿ, ಕಡ್ಡಿಪೆಟ್ಟಿಗೆ, ಲೈಟರು ಎಂದು ಇದ್ದ ಕಡೆ ಅದೇ ವಾರ ಆರತಿ, ಕರ್ಪೂರ, ಊದಿನಕಡ್ಡಿ ಎಂದೂ ಸೇರಿತು.

ನಾಗಲಿಂಗಮ್ಮನ ಅಂಗಡಿ ಮೂರು ದಿನ ತೆರೆಯಲಿಲ್ಲ. ಆ ಮೂರು ದಿನ ಯರ್ರೆಪ್ಪ ಡಬ್ಬಿಯ ಮುಂದೆ ಕೂತು ರಸ್ತೆಯಾಚೆಯ ತಟ್ಟಿಯನ್ನು ನೋಡಿದ. ನಾಲ್ಕನೆಯ ದಿನ ಒಲೆ ಹೊತ್ತಿತು. ಅವನು ಎದ್ದು ಹೋಗಲಿಲ್ಲ, ಹೋಗಲು ಮುಖವಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅವಳೇ ಕರೆದಳು.

ಅಂಗಡಿಯ ಕಂಬಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಡ್ಡಿಪೆಟ್ಟಿಗೆಯನ್ನು ತೂಗುಬಿಟ್ಟಿದ್ದಳು. ಬೆಂಚಿನ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ ಮೂವರು ಕೂತಿದ್ದರು, ಹಡಗಲಿ ಕಡೆಯವರು. ನಾಗಲಿಂಗಮ್ಮ ಚಹಾದ ಪಾತ್ರೆಯಿಂದ ಕಣ್ಣು ತೆಗೆಯದೆ, "ಇದು ಏನಂತ ಕೇಳ್ತಾರ ಇವ್ರು. ಹೇಳು" ಅಂದಳು.

ಯರ್ರೆಪ್ಪ ನಿಂತುಕೊಂಡೇ ಹೇಳಿದ. ಅರ್ಧ ಬೀಡಿಯಿಂದ ಶುರುಮಾಡಿದ. ರಜೆ ಇಲ್ಲದ ಅಮಾವಾಸ್ಯೆ, ಯಂತ್ರದ ಬುಡ, ಇಳಿಜಾರಿಗೆ ಹರಿಯುವ ಆವಿ ಎಲ್ಲವನ್ನೂ ಹೇಳಿದ. ತಟ್ಟೆ ಗೇಟಿಗೆ ಬಂದ ಕಡೆ ತನ್ನ ಹೆಸರು ಬಿಟ್ಟು, ಆಮೇಲೆ ತಟ್ಟೆ ಒಳಗೆ ಹೋಯಿತು ಎಂದುಬಿಟ್ಟ.

"ಗೇಟು ತಗದಾವ್ರು ಯಾರು?" ಅಂದಳು ನಾಗಲಿಂಗಮ್ಮ.

"ನಾನು."

ಅವಳು ಲೋಟಕ್ಕೆ ಚಹಾ ಬಗ್ಗಿಸಿ ಅವನ ಮುಂದಿಟ್ಟಳು. ಅಂದಿನಿಂದ ಆ ಕಾರ್ಖಾನೆಗೆ ಯಾರೇ ಹೊಸಬರು ಬರಲಿ, ಮೊದಲ ದಿನ ಆ ಬೆಂಚಿನ ಮೇಲೆ ಕೂತು ಅದನ್ನು ಕೇಳಿಯೇ ಒಳಗೆ ಹೋಗುತ್ತಾರೆ. ನಾಗಲಿಂಗಮ್ಮ ಪ್ರತಿ ಸಲವೂ ಅದೊಂದೇ ಪ್ರಶ್ನೆ ಕೇಳುತ್ತಾಳೆ, ಯರ್ರೆಪ್ಪ ಪ್ರತಿ ಸಲವೂ ಅದೊಂದೇ ಉತ್ತರ ಕೊಡುತ್ತಾನೆ. ಚಹಾ ಸಿಗುವುದು ಅದಾದ ಮೇಲೆ.